ಬಾಗಿಲು ಮುಚ್ಚಿದ ದಿನಗಳಲ್ಲಿ ಮಕ್ಕಳ ಕಾವಲಿಗಿದ್ದವರು

ಲಾಕ್‌ಡೌನ್ ಎಂದರೆ ನಮ್ಮ ಮನೆಗಳಲ್ಲಿ ಈಗಲೂ ನೆನಪಾಗುವುದು ಬೀಗ ಹಾಕಿದ ಮಸೀದಿ, ಕಾಸರಗೋಡು ಗಡಿಯ ರಸ್ತೆಗಳಿಗೆ ಸುರಿದ ಮಣ್ಣಿನ ರಾಶಿ, ಬರುವುದೋ ಬಾರದೋ ಎಂದು ಕಾದು ಕೂತ ದುಬೈ ವಿಮಾನ. ಡಾಕ್ಟರ್, ನರ್ಸ್, ಆಂಬ್ಯುಲೆನ್ಸ್ ಚಾಲಕ, ಪಿಪಿಇ ಕಿಟ್ ಹಾಕಿಕೊಂಡು ಮಯ್ಯತ್ ದಫನ ಮಾಡಿದ ನಮ್ಮ ಊರಿನ ಹುಡುಗರು, ಇವರಿಗೆಲ್ಲ ಆಮೇಲೆ ಶಾಲು ಹೊದಿಸಿದೆವು, ಸ್ಮರಣಿಕೆ ಕೊಟ್ಟೆವು. ಕೊಡಬೇಕಾದದ್ದೇ. ಆದರೆ ಅದೇ ದಿನಗಳಲ್ಲಿ ಇನ್ನೊಂದು ಗುಂಪು ಸ್ಕೂಟರಿನಲ್ಲಿ, ಕೆಲವೊಮ್ಮೆ ನಡೆದುಕೊಂಡೇ, ಊರೂರು ತಿರುಗುತ್ತಿತ್ತು. ಅವರಿಗೆ ಶಾಲು ಹೊದಿಸಿದ್ದನ್ನು ನಾವು ಎಲ್ಲೂ ಕಂಡಿಲ್ಲ. ಅಂಥ ಒಂದು ಕೆಲಸ ಉಂಟು ಎಂಬುದೇ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ.

ಮಕ್ಕಳ ರಕ್ಷಣೆಯ ಕೆಲಸ ಎಂದರೆ ಎಂತದ್ದು? ಪ್ರತಿ ಜಿಲ್ಲೆಯಲ್ಲಿ ಮಕ್ಕಳ ರಕ್ಷಣಾ ಘಟಕ ಇರುತ್ತದೆ. ಅಲ್ಲಿ ಅಧಿಕಾರಿಗಳು, ಆಪ್ತ ಸಮಾಲೋಚಕರು, ಸಮಾಜ ಕಾರ್ಯಕರ್ತರು, ಊರಿಗೆ ಹೋಗಿ ವಿಚಾರಿಸುವ ಕ್ಷೇತ್ರ ಕಾರ್ಯಕರ್ತರು. ಅಧ್ಯಕ್ಷರು ಮತ್ತು ನಾಲ್ವರು ಸದಸ್ಯರಿರುವ ಮಕ್ಕಳ ಕಲ್ಯಾಣ ಸಮಿತಿ ಇದೆ. ತೊಂದರೆಗೆ ಸಿಕ್ಕಿದ ಮಗುವನ್ನು 24 ಗಂಟೆಯೊಳಗೆ ಆ ಸಮಿತಿಯ ಮುಂದೆ ಹಾಜರುಪಡಿಸಬೇಕು ಎನ್ನುತ್ತದೆ 2015ರ ಬಾಲ ನ್ಯಾಯ ಕಾಯ್ದೆ. ಬಾಲಮಂದಿರಗಳಲ್ಲಿ ಗೃಹಮಾತೆಯರು, ಅಡುಗೆಯವರು, ಕಾವಲುಗಾರರು ಇದ್ದಾರೆ. 1098 ಸಹಾಯವಾಣಿ ಇದೆ. ಇವರೆಲ್ಲರಿಗಿಂತ ಮೊದಲ ಸಾಲಿನಲ್ಲಿ ನಮ್ಮ ಊರಿನ ಅಂಗನವಾಡಿ ಟೀಚರ್, ಆಶಾ ಕಾರ್ಯಕರ್ತೆ, ಶಾಲೆಯ ಮಾಷ್ಟ್ರು. ಲೆಕ್ಕದಲ್ಲಿ ಈ ಮೂವರು ಮಕ್ಕಳ ರಕ್ಷಣಾ ಸಿಬ್ಬಂದಿ ಅಲ್ಲ. ಮಗುವಿನ ಕೈಯ ಬರೆ, ಮುಖದ ಬಾಡು, ಒಂದು ವಾರದ ಗೈರು ಮೊದಲು ಕಾಣುವುದು ಅವರ ಕಣ್ಣಿಗೇ.

2020ರ ಮಾರ್ಚ್ ಮಧ್ಯದಲ್ಲಿ ಶಾಲೆ ಮುಚ್ಚಿತು. ಮದ್ರಸವೂ ಮುಚ್ಚಿತು. 25ರಿಂದ ದೇಶಕ್ಕೇ ಬೀಗ. ಅಂದರೆ ಮಗುವನ್ನು ದಿನಾ ನೋಡುತ್ತಿದ್ದ ಹೊರಗಿನ ಕಣ್ಣುಗಳೆಲ್ಲ ಒಂದೇ ವಾರದಲ್ಲಿ ಮುಚ್ಚಿಹೋದವು. ನಮ್ಮ ಮಕ್ಕಳಿಗೆ ಬೆಳಿಗ್ಗೆ ಉಸ್ತಾದ್, ಆಮೇಲೆ ಟೀಚರ್, ಸಂಜೆ ಅಂಗಡಿ ಜಗಲಿಯಲ್ಲಿ ಕೂತ ಹಿರಿಯರು, ಹೀಗೆ ದಿನಕ್ಕೆ ಹತ್ತು ಜನ ಕಾಣುತ್ತಿದ್ದರು. ಈಗ ಮನೆಯವರು ಮಾತ್ರ. ಹೆಚ್ಚಿನ ಮನೆಗಳಲ್ಲಿ ಅದು ಸಂತೋಷದ ಸಂಗತಿಯೇ ಆಗಿತ್ತು ಅನ್ನಿ. ಆದರೆ ಮನೆಯೊಳಗೇ ಭಯ ಇರುವ ಮಗುವಿಗೆ?

ಆ ಮಾರ್ಚ್ 20ರಿಂದ 31ರ ನಡುವೆ ದೇಶದಾದ್ಯಂತ 1098ಕ್ಕೆ 3 ಲಕ್ಷಕ್ಕಿಂತ ಹೆಚ್ಚು ಕರೆಗಳು ಬಂದವು. ಊಟ ಇಲ್ಲ, ಊರಿಗೆ ಹೋಗಲು ಬಸ್ಸಿಲ್ಲ, ಜ್ವರ ಬಂದಿದೆ ಎಂದವರೂ ಅದರಲ್ಲಿದ್ದರು. ಹೊಡೆತ ತಪ್ಪಿಸಿ ಎಂದು ಕೇಳಿದವರೂ ಇದ್ದರು. ಇಷ್ಟಾದರೂ ವರ್ಷದ ಕೊನೆಯಲ್ಲಿ ಪೊಲೀಸ್ ಲೆಕ್ಕ ಬೇರೆಯೇ ಕತೆ ಹೇಳಿತು. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಪ್ರಕಾರ ಮಕ್ಕಳ ಮೇಲಿನ ಅಪರಾಧಗಳ ಸಂಖ್ಯೆ 2019ರಲ್ಲಿ 1,48,185 ಇದ್ದದ್ದು 2020ರಲ್ಲಿ 1,28,531ಕ್ಕೆ ಇಳಿಯಿತು. 2021ರಲ್ಲಿ ಪುನಃ 1,49,404. ಕೊರೋನ ಬಂದ ವರ್ಷ ಜನ ಒಳ್ಳೆಯವರಾಗಿ ಮರುವರ್ಷ ಕೆಟ್ಟವರಾದರು ಎಂದು ಯಾರೂ ನಂಬಲಿಕ್ಕಿಲ್ಲ. ಹೇಳುವವರು, ಬರೆಸುವವರು ಇರಲಿಲ್ಲ, ಅಷ್ಟೆ.

ಇದು ಕಾರ್ಯಕರ್ತರ ಕೆಲಸವನ್ನೇ ತಲೆಕೆಳಗು ಮಾಡಿತು. ಮೊದಲು ಶಾಲೆಯಿಂದ ಒಂದು ಫೋನ್ ಬರುತ್ತಿತ್ತು, ಇವರು ಹೋಗುತ್ತಿದ್ದರು. ಮಗುವನ್ನು ಮನೆಯವರಿಂದ ಸ್ವಲ್ಪ ದೂರ ಕೂರಿಸಿ ಮಾತಾಡಿಸುತ್ತಿದ್ದರು. ಚಿತ್ರ ಬಿಡಿಸಲು ಕೊಡುತ್ತಿದ್ದರು. ಮಗು ಬಾಯಿ ಬಿಡಲು ಕೆಲವೊಮ್ಮೆ ನಾಲ್ಕೈದು ಭೇಟಿ ಬೇಕು. ಲಾಕ್‌ಡೌನಿನಲ್ಲಿ ಭೇಟಿಯ ಜಾಗಕ್ಕೆ ಫೋನ್ ಬಂತು. ಆ ಫೋನ್ ಯಾರದ್ದು? ಮನೆಯ ಯಜಮಾನನದ್ದು. ಹೊಡೆಯುವವನೂ ಕೆಲವು ಕಡೆ ಅವನೇ. ಸ್ಪೀಕರ್ ಹಾಕಿ ಪಕ್ಕದಲ್ಲಿ ಕೂತಿರುತ್ತಾನೆ. ಸಮಾಲೋಚಕಿ ಕೇಳಿದ್ದಕ್ಕೆಲ್ಲ ಮಗು ‘ಹೂಂ’, ‘ಇಲ್ಲ’, ‘ಚೆನ್ನಾಗಿದ್ದೇನೆ’ ಎಂದು ಹೇಳಿ ಮುಗಿಸುತ್ತದೆ. ಇಂಥ ಹೊತ್ತಿಗೆ ಹೌದು ಅಥವಾ ಇಲ್ಲ ಎಂದಷ್ಟೇ ಉತ್ತರ ಸಾಕಾಗುವ ಪ್ರಶ್ನೆ ಕೇಳಬೇಕು. ಪಾಠದ ವಿಷಯ ಮಾತಾಡುವಂತೆ ಮಾತಾಡಿ ನಡುವೆ ಬೇಕಾದ್ದು ಕೇಳಬೇಕು. ಹಿನ್ನೆಲೆಯಲ್ಲಿ ಯಾರ ಸ್ವರ ಕೇಳುತ್ತದೆ ಎಂದು ಗಮನಿಸಬೇಕು. ಫೋನಿನಲ್ಲಿ ಮಗುವನ್ನು ಓದುವ ಈ ವಿದ್ಯೆಯನ್ನು ಹೆಚ್ಚಿನವರು ಕೆಲಸ ಮಾಡುತ್ತಲೇ ಕಲಿತುಕೊಳ್ಳಬೇಕಾಯಿತು.

ನೇರವಾಗಿ ಹೋದಾಗಲೂ ತಾಪತ್ರಯ ಕಡಿಮೆ ಇರಲಿಲ್ಲ. ಮಾಸ್ಕ್, ಮೇಲೆ ಫೇಸ್‌ಶೀಲ್ಡ್, ಆರಡಿ ದೂರ. ಅಳುವ ಮಗುವನ್ನು ಎತ್ತಿಕೊಳ್ಳುವ ಹಾಗಿಲ್ಲ, ತಲೆ ಸವರುವ ಹಾಗಿಲ್ಲ. ನಗುಮುಖ ಕಂಡೇ ಅರ್ಧ ಧೈರ್ಯ ತಂದುಕೊಳ್ಳುವ ಐದು ವರ್ಷದ ಮಗುವಿಗೆ ಕಣ್ಣು ಮಾತ್ರ ಕಾಣುವ ಅಪರಿಚಿತರು. ಪೋಕ್ಸೊ ಪ್ರಕರಣವಾದರೆ ಇನ್ನೂ ಕಷ್ಟ. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲೋ ಅದು ಬಯಸುವ ಜಾಗದಲ್ಲೋ, ಸಾಧ್ಯವಾದಷ್ಟು ಮಹಿಳಾ ಎಸ್‌ಐ, ಸಮವಸ್ತ್ರ ಇಲ್ಲದೆ ಬಂದು ಬರೆದುಕೊಳ್ಳಬೇಕು ಎಂದು 2012ರ ಕಾಯ್ದೆ ಹೇಳುತ್ತದೆ. ಒಳ್ಳೆಯ ನಿಯಮ. ಆದರೆ ಮನೆ ಸೀಲ್‌ಡೌನ್ ಆಗಿದ್ದರೆ ಎಂತ ಮಾಡುವುದು? ಆರೋಪಿ ಅದೇ ಮನೆಯಲ್ಲಿ ಕ್ವಾರಂಟೈನ್ ಇದ್ದರೆ? ಮಂಗಳೂರಿನ ವೆನ್ಲಾಕ್ ಆಸ್ಪತ್ರೆ ಕೋವಿಡ್ ಆಸ್ಪತ್ರೆಯಾಗಿತ್ತು. ಸರಕಾರಿ ಆಸ್ಪತ್ರೆ ಎಂದರೇ ಜನ ಹೆದರುತ್ತಿದ್ದ ಆ ದಿನಗಳಲ್ಲಿ ತಪಾಸಣೆಗೆ ಬನ್ನಿ ಎಂದು ಒಬ್ಬ ಉಮ್ಮನನ್ನು ಒಪ್ಪಿಸುವುದೇ ಒಂದು ದಿನದ ಕೆಲಸ.

ತಲಪಾಡಿ ವಿಷಯಕ್ಕೆ ಬರೋಣ. ನಮಗೆ ಗಡಿ ಎಂಬುದು ನಕ್ಷೆಯಲ್ಲಿ ಮಾತ್ರ ಇದ್ದದ್ದು. ಉಳ್ಳಾಲದ ಹುಡುಗಿ ಉಪ್ಪಳಕ್ಕೆ ಸೊಸೆ, ಮಂಜೇಶ್ವರದ ಅಳಿಯ ತೊಕ್ಕೊಟ್ಟಿನಲ್ಲಿ. ಮಾರ್ಚ್ ಕೊನೆಯಲ್ಲಿ ಕರ್ನಾಟಕ ಆ ರಸ್ತೆಗಳನ್ನು ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗಳಿಗೆ ಬರಲಾಗದೆ ಕಾಸರಗೋಡಿನ ರೋಗಿಗಳು ಸತ್ತದ್ದು, ವಿಷಯ ಕೇರಳ ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿನವರೆಗೆ ಹೋದದ್ದು ನಮಗೆಲ್ಲ ಗೊತ್ತು. ಅಜ್ಜಿಮನೆಗೆಂದು ಹೋಗಿ ಆಚೆ ಬದಿಯಲ್ಲೇ ಉಳಿದ ಮಕ್ಕಳ ಸುದ್ದಿ ಅಷ್ಟು ದೊಡ್ಡದಾಗಲಿಲ್ಲ. ತಂದೆ ತಾಯಿ ಬೇರೆಯಾಗಿ ಮಗು ಯಾರ ಬಳಿ ಎಂಬ ತಕರಾರು ಇರುವ ಮನೆಗಳಲ್ಲಿ ಮುಚ್ಚಿದ ಗಡಿ ಒಬ್ಬರ ಪಾಲಿಗೆ ಅಸ್ತ್ರವೇ ಆಯಿತು. ಇಂಥ ಮಗುವನ್ನು ಒಂದು ಜಿಲ್ಲೆಯ ಸಮಿತಿಯಿಂದ ಇನ್ನೊಂದು ರಾಜ್ಯದ ಸಮಿತಿಗೆ ಒಪ್ಪಿಸುವುದು ಮಾಮೂಲಿ ದಿನಗಳಲ್ಲೇ ಕಾಗದಪತ್ರದ ದೊಡ್ಡ ಕೆಲಸ. ಆಗ ಪಾಸ್ ಬೇಕು, ಟೆಸ್ಟ್ ವರದಿ ಬೇಕು, ಜೊತೆಗೆ ಹೋಗಲು ಒಬ್ಬ ಸಿಬ್ಬಂದಿ ಬೇಕು, ಆತ ಹಿಂದೆ ಬಂದ ಮೇಲೆ 14 ದಿನ ಮನೆಯಲ್ಲಿ ಕೂರಬೇಕು. ನಾಲ್ಕೇ ಜನ ಇರುವ ಕಚೇರಿಯಲ್ಲಿ ಒಬ್ಬ 14 ದಿನ ಕೂತರೆ ಉಳಿದವರ ಗತಿ ಏನು ಎಂದು ಯೋಚಿಸಿ.

ಬಾಲಮಂದಿರಗಳ ಕತೆ ಬೇರೆ. 2020ರ ಏಪ್ರಿಲ್ 3ರಂದು ಸುಪ್ರೀಂ ಕೋರ್ಟ್ ತಾನಾಗಿಯೇ ಈ ವಿಷಯ ಕೈಗೆತ್ತಿಕೊಂಡು ಆದೇಶ ಕೊಟ್ಟಿತು. ಮಕ್ಕಳ ಕಲ್ಯಾಣ ಸಮಿತಿಗಳು ವಿಡಿಯೊ ಮೂಲಕ, ಫೋನ್ ಮೂಲಕ ನಿಗಾ ಇಡಬೇಕು, ಸಿಬ್ಬಂದಿ ಪಾಳಿಯಲ್ಲಿ ಕೆಲಸ ಮಾಡಬೇಕು, ಕುಟುಂಬಕ್ಕೆ ಕಳಿಸಬಹುದಾದ ಮಕ್ಕಳ ಬಗ್ಗೆ ಯೋಚಿಸಬೇಕು ಎಂದಿತು. ಪಾಳಿ ಎಂದರೆ ಇಲ್ಲಿ ಬೆಳಿಗ್ಗೆ ಬಂದು ಸಂಜೆ ಹೋಗುವ ಪಾಳಿ ಅಲ್ಲ. ಸೋಂಕು ಒಳಗೆ ಬರಬಾರದು ಎಂದರೆ ಗೃಹಮಾತೆ ಒಳಗೆ ಹೋದ ಮೇಲೆ ವಾರಗಟ್ಟಲೆ ಒಳಗೇ ಉಳಿಯಬೇಕು. ಅವಳಿಗೂ ಮನೆ ಇದೆ, ಮಕ್ಕಳಿದ್ದಾರೆ. ಬೇರೆಯವರ ಮಕ್ಕಳನ್ನು ಕಾಯಲು ತನ್ನ ಮಕ್ಕಳನ್ನು ನೆರೆಮನೆಗೆ ಬಿಟ್ಟು ಬರುವುದನ್ನು ಯಾವ ಸಂಬಳದ ಪಟ್ಟಿಯಲ್ಲಿ ಬರೆಯುತ್ತಾರೆ? ಹೊಸದಾಗಿ ರಕ್ಷಿಸಿದ ಮಗುವನ್ನು ನೇರ ಒಳಗೆ ಸೇರಿಸುವಂತಿಲ್ಲ, ಮೊದಲು ಟೆಸ್ಟ್, ಆಮೇಲೆ ಪ್ರತ್ಯೇಕ ಕೋಣೆ. ಒಂದು ಭಯದಿಂದ ಬಿಡಿಸಿಕೊಂಡು ಬಂದ ಮಗು ಒಂಟಿ ಕೋಣೆಯಲ್ಲಿ ದಿನ ಎಣಿಸಬೇಕು. ಹೊರಗಿನವರ ಭೇಟಿ ಬಂದ್. ವಾರಕ್ಕೊಮ್ಮೆ ಬರುತ್ತಿದ್ದ ಅಜ್ಜಿ ಫೋನ್ ಪರದೆಯಲ್ಲಿ ಎರಡು ನಿಮಿಷ.

ಲಾಕ್‌ಡೌನ್ ಶುರುವಾದಾಗ ದೇಶದ ಮಕ್ಕಳ ಪಾಲನಾ ಸಂಸ್ಥೆಗಳಲ್ಲಿದ್ದ ಮಕ್ಕಳು 2,27,518. ವರ್ಷಾಂತ್ಯಕ್ಕೆ ಸುಪ್ರೀಂ ಕೋರ್ಟಿನ ಮುಂದೆ ಬಂದ ಲೆಕ್ಕದಲ್ಲಿ ಇವರಲ್ಲಿ 1,45,788 ಮಂದಿ ಮನೆಗೆ ಮರಳಿದ್ದರು. ಕೇಳಲು ಒಳ್ಳೆಯದು. ಮಗು ಮನೆಯಲ್ಲೇ ಬೆಳೆಯಬೇಕು ಎಂಬುದನ್ನು ನಾವೂ ಒಪ್ಪುತ್ತೇವೆ. ಆದರೆ ಒಂದು ಮಗುವನ್ನು ಮನೆಗೆ ಕಳಿಸುವ ಮೊದಲು ಕಾರ್ಯಕರ್ತರು ಆ ಮನೆಗೆ ಹೋಗಿ, ಅಡುಗೆ ಕೋಣೆ ನೋಡಿ, ನೆರೆಯವರನ್ನು ಮಾತಾಡಿಸಿ, ಯಾಕೆ ಮಗು ಬಾಲಮಂದಿರಕ್ಕೆ ಬಂದಿತ್ತೋ ಆ ಕಾರಣ ಈಗ ಇದೆಯೋ ಇಲ್ಲವೋ ತಿಳಿದು ವರದಿ ಕೊಡಬೇಕು. ಬಸ್ಸೇ ಇಲ್ಲದ ತಿಂಗಳುಗಳಲ್ಲಿ ಇಷ್ಟು ಮನೆಗಳಿಗೆ ಹಾಗೆ ಹೋಗಿ ನೋಡಿರಲು ಸಾಧ್ಯವೇ? ಅದೇ ವರ್ಷದ ಸೆಪ್ಟೆಂಬರಿನಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ಆಯೋಗ ಕರ್ನಾಟಕವೂ ಸೇರಿ ಎಂಟು ರಾಜ್ಯಗಳಿಗೆ 100 ದಿನಗಳ ಗಡುವು ಬೇರೆ ಕೊಟ್ಟಿತ್ತು. ನಮ್ಮ ಅಭಿಪ್ರಾಯದಲ್ಲಿ ಇಂಥ ಕೆಲಸಕ್ಕೆ ಗಡುವು ಹಾಕುವುದೇ ಸರಿಯಲ್ಲ. ಮನೆಗೆ ಕಳಿಸಿದ ಮಕ್ಕಳ ಓದಿಗೆ ಅಗತ್ಯ ನೋಡಿ ತಿಂಗಳಿಗೆ 2,000 ರೂಪಾಯಿ ಕೊಡಿ ಎಂದು ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಸ್ವಲ್ಪ ಸಮಾಧಾನ.

ಇನ್ನು ಮದುವೆಯ ವಿಷಯ. ಇದನ್ನು ಬರೆಯದೆ ಮುಂದೆ ಹೋದರೆ ಅರ್ಧ ಬರೆದಂತೆ. 2020ರಲ್ಲಿ ಮಕ್ಕಳ ಮೇಲಿನ ಅಪರಾಧ ಒಟ್ಟಾರೆ ಇಳಿದಾಗ ಏರಿದ ಲೆಕ್ಕ ಒಂದಿತ್ತು, ಬಾಲ್ಯವಿವಾಹ. ದೇಶದಲ್ಲಿ 523 ಇದ್ದ ಪ್ರಕರಣ 785 ಆಯಿತು. ಅದರಲ್ಲಿ ಕರ್ನಾಟಕದ್ದೇ 184, ಎಲ್ಲ ರಾಜ್ಯಗಳಿಗಿಂತ ಹೆಚ್ಚು. ಕರಾವಳಿಯಲ್ಲಿ ಇದು ಕಡಿಮೆ ಎಂಬುದು ನಿಜ. ಎಲ್ಲ ಸಮುದಾಯಗಳಲ್ಲೂ ನಡೆದದ್ದು ಎಂಬುದೂ ನಿಜ. ಆದರೆ ಹಾಲ್ ಬುಕ್ ಮಾಡಬೇಕಿಲ್ಲ, ಸಾವಿರ ಜನಕ್ಕೆ ಬಿರಿಯಾನಿ ಬೇಕಿಲ್ಲ, 50 ಜನ ಸೇರಿ ನಿಕಾಹ್ ಮಾಡಿ ಮುಗಿಸಬಹುದು, ಖರ್ಚು ಉಳಿಯುತ್ತದೆ ಎಂಬ ಮಾತು ಆಗ ನಮ್ಮ ಮನೆಗಳಲ್ಲೂ ಓಡಾಡಿತ್ತಲ್ಲ? ಹುಡುಗಿಗೆ 18 ತುಂಬಿದ್ದರೆ ಅದು ಒಳ್ಳೆಯ ಮಾತೇ. ತುಂಬದಿದ್ದರೆ? ಬೀಡಿ ಬ್ರಾಂಚು ಮುಚ್ಚಿ ಉಮ್ಮನ ಕೈಯ ವಾರದ ಹಣ ನಿಂತಿತ್ತು. ಗಲ್ಫಿನಲ್ಲಿ ಉಪ್ಪನ ಕಂಪೆನಿ ರಜೆ ಕೊಟ್ಟಿತ್ತು. ದುಬೈಯಿಂದ ಮಂಗಳೂರಿಗೆ ಮೊದಲ ವಂದೇ ಭಾರತ್ ವಿಮಾನ ಇಳಿದದ್ದು ಮೇ 12ಕ್ಕೆ. ಅದರಲ್ಲೂ ಆಮೇಲಿನ ವಿಮಾನಗಳಲ್ಲೂ ಬಂದವರಲ್ಲಿ ಎಷ್ಟೋ ಮಂದಿಗೆ ಕೆಲಸವೇ ಇರಲಿಲ್ಲ. ಸ್ಕೂಲು ಯಾವಾಗ ತೆರೆಯುತ್ತದೆ ಗೊತ್ತಿಲ್ಲ. ಇಂಥ ಮನೆಯಲ್ಲಿ ಹದಿನಾರರ ಹುಡುಗಿಗೆ ಒಳ್ಳೆ ಸಂಬಂಧ ಬಂದರೆ ಬೇಡ ಎನ್ನಲು ಧೈರ್ಯ ಬೇಕು.

ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು ಎಂದು ಕರ್ನಾಟಕದ ತಿದ್ದುಪಡಿ ಕಾಯ್ದೆ ಹೇಳುತ್ತದೆ. ತಡೆಯುವ ಅಧಿಕಾರ ಊರಿನಲ್ಲೇ ಇರುವ ಪಿಡಿಒ, ಗ್ರಾಮ ಲೆಕ್ಕಿಗ, ಹೆಡ್‌ಮಾಸ್ಟರ್ ಮುಂತಾದ ಹಲವರಿಗೆ ಉಂಟು. ಆದರೆ ಸುದ್ದಿ ಮುಟ್ಟಿಸುವುದು ಹೆಚ್ಚಾಗಿ ಅಂಗನವಾಡಿ ಟೀಚರ್. ಅವಳು ಅದೇ ಊರಿನವಳು. ಅದೇ ಬಾವಿಯ ನೀರು ಕುಡಿಯುವವಳು. ಫೋನ್ ಮಾಡಿದ್ದು ಇವಳೇ ಎಂದು ಗೊತ್ತಾದರೆ ನಾಳೆ ಅವಳೊಟ್ಟಿಗೆ ಮಾತಾಡುವವರಿಲ್ಲ. ಲಾಕ್‌ಡೌನಿನಲ್ಲಿ ಈ ಟೀಚರ್‌ಗಳು ಮೊಟ್ಟೆ, ಹಾಲಿನಪುಡಿ, ಬೇಳೆ ಹೊತ್ತು ಮನೆ ಮನೆಗೆ ಹೋಗುತ್ತಿದ್ದರು, ಮೇಲಿಂದ ಕೊರೋನ ಸರ್ವೆ. ಆ ಒಂದು ಮನೆಬಾಗಿಲ ಭೇಟಿಯಲ್ಲೇ ಮನೆಯ ಹೆಣ್ಣುಮಕ್ಕಳು ಪಿಸುಗುಟ್ಟಿದ್ದು ಅವರ ಕಿವಿಗೆ ಬೀಳುತ್ತಿತ್ತು.

ಆ ಏಪ್ರಿಲಿನಲ್ಲಿ ನಮ್ಮ ಬಾಗಿಲುಗಳು ಅವರಿಗೆ ಸಲೀಸಾಗಿ ತೆರೆಯಲಿಲ್ಲ ಎಂಬುದನ್ನೂ ಹೇಳಬೇಕು. ಟಿವಿಯಲ್ಲಿ ಬೆಳಗ್ಗಿಂದ ರಾತ್ರಿವರೆಗೆ ಕೊರೋನಕ್ಕೆ ಒಂದೇ ಸಮುದಾಯದ ಹೆಸರು ಅಂಟಿಸುತ್ತಿದ್ದರು. ಹೆಸರು ಬರೆದುಕೊಂಡು ಹೋಗಲು ಬಂದವರನ್ನು ಕಂಡರೆ ಜನ ಹೆದರಿದ್ದು ಸುಮ್ಮನೆ ಅಲ್ಲ. ಆದರೆ ಆ ಹೆದರಿಕೆಯ ಪೆಟ್ಟು ಬಿದ್ದದ್ದು ತಿಂಗಳಿಗೆ ಕೆಲವೇ ಸಾವಿರ ಪಡೆಯುವ ಒಬ್ಬ ಹೆಂಗಸಿನ ಮೇಲೆ. ಬೆಂಗಳೂರಿನಲ್ಲಿ ಆಶಾ ಕಾರ್ಯಕರ್ತೆಯ ಮೇಲೆ ಕೈಮಾಡಿದ ಪ್ರಕರಣವೂ ನಡೆಯಿತು. ಅದೇ ವರ್ಷ ಜುಲೈಯಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿ ಗೌರವಧನ ಕೊಡಿ ಎಂದು ಕೆಲಸ ನಿಲ್ಲಿಸಿದಾಗ, ಅವರಿಗೆ ಅದುವರೆಗೆ ಅಷ್ಟೂ ಸಿಗುತ್ತಿರಲಿಲ್ಲ ಎಂದು ಎಷ್ಟೋ ಮಂದಿಗೆ ಮೊದಲ ಬಾರಿ ತಿಳಿಯಿತು. ಆರೋಗ್ಯ ಸೇವೆಯವರಿಗೆ, ಆಶಾ ಸೇರಿ, ಕೇಂದ್ರ 50 ಲಕ್ಷದ ವಿಮೆ ಘೋಷಿಸಿತ್ತು. ಮಕ್ಕಳ ರಕ್ಷಣೆಯ ಗುತ್ತಿಗೆ ನೌಕರ ಆರೋಗ್ಯ ಸೇವೆಯವನಲ್ಲ. ಸೋಂಕಿನ ಮನೆಗೆ ಹೋಗಿ ಮಗುವನ್ನು ಎತ್ತಿಕೊಂಡು ಬಂದರೂ ಅಲ್ಲ.

2021ರ ಎರಡನೇ ಅಲೆಯಲ್ಲಿ ಕೆಲಸದ ಸ್ವರೂಪವೇ ಬದಲಾಯಿತು. ಮೊದಲ ವರ್ಷ ಕೇಳುತ್ತಿದ್ದ ಪ್ರಶ್ನೆ, ಮಗು ಮನೆಯಲ್ಲಿ ಸುರಕ್ಷಿತವೇ ಎಂದು. ಈಗ ಮನೆಯಲ್ಲಿ ಯಾರಾದರೂ ಉಳಿದಿದ್ದಾರೆಯೇ ಎಂದು. ಉಮ್ಮ ಉಪ್ಪ ಇಬ್ಬರೂ ಆಸ್ಪತ್ರೆಯಲ್ಲಿ, ನೆಂಟರಿಗೆ ಸೋಂಕಿನ ಭಯ, ಮಕ್ಕಳು ಬಾಗಿಲಲ್ಲಿ. ರಾಷ್ಟ್ರೀಯ ಆಯೋಗ ಸುಪ್ರೀಂ ಕೋರ್ಟಿಗೆ ಕೊಟ್ಟ ಲೆಕ್ಕದಲ್ಲಿ 2020ರ ಏಪ್ರಿಲ್‌ನಿಂದ 2022ರ ಜನವರಿ 11ರವರೆಗೆ ಕೊರೋನದಿಂದಲೋ ಬೇರೆ ಕಾರಣದಿಂದಲೋ ತಂದೆ ತಾಯಿ ಇಬ್ಬರನ್ನೂ ಕಳಕೊಂಡ ಮಕ್ಕಳು 10,094, ಒಬ್ಬರನ್ನು ಕಳಕೊಂಡವರು 1,36,910. ಈ ಒಂದೊಂದು ಸಂಖ್ಯೆಯ ಹಿಂದೆ ಒಬ್ಬ ಕಾರ್ಯಕರ್ತ ಆ ಮನೆಗೆ ಹೋಗಿ, ಸಾವಿನ ಮೂರನೇ ದಿನವೋ ನಾಲ್ಕನೇ ದಿನವೋ, ಮರಣ ಪತ್ರ ಇದೆಯಾ, ಮಗುವಿನ ಆಧಾರ್ ಇದೆಯಾ ಎಂದು ಕೇಳಿದ್ದಾನೆ. ಆ ಹೊತ್ತಿನಲ್ಲಿ ಅಂಥ ಪ್ರಶ್ನೆ ಕೇಳಲು ಯಾರಿಗೆ ನಾಲಿಗೆ ಬರುತ್ತದೆ? ಕೇಳದಿದ್ದರೆ ಮಗುವಿನ ಹೆಸರು ಪಟ್ಟಿಗೆ ಸೇರುವುದಿಲ್ಲ.

ಕೋವಿಡಿನಿಂದ ಅನಾಥರಾದ ಮಕ್ಕಳಿಗೆ ರಾಜ್ಯ ಸರಕಾರ 2021ರ ಮೇ ಕೊನೆಯಲ್ಲಿ ಬಾಲ ಸೇವಾ ಯೋಜನೆ ಘೋಷಿಸಿತು, ಪೋಷಕರಿಗೆ ತಿಂಗಳಿಗೆ 3,500 ರೂಪಾಯಿ. ಕೇಂದ್ರದ ಪಿಎಂ ಕೇರ್ಸ್ ಯೋಜನೆಯಲ್ಲಿ 23 ವರ್ಷ ತುಂಬುವಾಗ 10 ಲಕ್ಷ. ನಮ್ಮಲ್ಲಿ ಇಲ್ಲೊಂದು ತೊಡಕು ಉಂಟು. ಯತೀಂ ಮಗುವನ್ನು ಮಾವನೋ ಚಿಕ್ಕಪ್ಪನೋ ಅಜ್ಜಿಯೋ ತಮ್ಮ ಮಕ್ಕಳೊಟ್ಟಿಗೆ ಸಾಕುವುದು ನಮಗೆ ಹೊಸತಲ್ಲ. ಅದಕ್ಕೆ ಯಾರೂ ಅರ್ಜಿ ಹಾಕುವುದಿಲ್ಲ, ಯಾವ ಕಚೇರಿಗೂ ಹೇಳುವುದಿಲ್ಲ. ಅದು ನಮ್ಮ ಹೆಮ್ಮೆಯೂ ಹೌದು. ಆದರೆ ಕಾಗದ ಇಲ್ಲದ ಮಗು ಸರಕಾರದ ಲೆಕ್ಕದಲ್ಲಿ ಅನಾಥವೇ ಅಲ್ಲ. ಕಾರ್ಯಕರ್ತರು ಬಂದಾಗ ಮಗುವನ್ನು ಕರೆದುಕೊಂಡು ಹೋಗಲಿಕ್ಕೆ ಬಂದಿದ್ದಾರೆ ಎಂಬ ಭಯದಿಂದ ಇಲ್ಲಿ ಅಂಥ ಮಕ್ಕಳಿಲ್ಲ ಎಂದುಬಿಟ್ಟ ಮನೆಗಳೂ ಇವೆ. ಆ ಮಗುವಿನ ಓದಿನ ಹಣ ಹೋಯಿತು.

ಕೊರೋನ ಮುಗಿದ ಮೇಲೆ ಈ ಕೆಲಸದವರಿಗೆ ಎಂತ ಸಿಕ್ಕಿತು ಎಂದು ಕೇಳಬಹುದು. 1996ರಲ್ಲಿ ಮುಂಬೈಯಲ್ಲಿ ಶುರುವಾಗಿ ಸ್ವಯಂಸೇವಾ ಸಂಸ್ಥೆಗಳ ಮೂಲಕ ಊರೂರಿನಲ್ಲಿ ನಡೆಯುತ್ತಿದ್ದ 1098 ಸಹಾಯವಾಣಿಯನ್ನು 2023ರಲ್ಲಿ ಸರಕಾರವೇ ವಹಿಸಿಕೊಂಡು 112 ತುರ್ತು ಸಂಖ್ಯೆಯ ವ್ಯವಸ್ಥೆಗೆ ಜೋಡಿಸಿತು. ಜವಾಬ್ದಾರಿ ಸರಕಾರದ್ದೇ ಆಗಬೇಕು ಎಂಬ ವಾದದಲ್ಲಿ ಹುರುಳಿದೆ. ಆದರೆ ಆ ಬದಲಾವಣೆಯಲ್ಲಿ ಕೆಲಸ ಕಳಕೊಂಡವರಲ್ಲಿ ಲಾಕ್‌ಡೌನಿನ ಎರಡು ವರ್ಷ ಫೋನಿನಲ್ಲಿ ಮಗುವಿನ ಉಸಿರು ಕೇಳಿಯೇ ಭಯವನ್ನು ಗುರುತಿಸಲು ಕಲಿತಿದ್ದವರೂ ಇದ್ದರು. ಅಂಥ ಅನುಭವ ಜಾಹೀರಾತು ಕೊಟ್ಟರೆ ಸಿಗುವುದಿಲ್ಲ. ನಾಳೆ ಇನ್ನೊಂದು ಸಾಂಕ್ರಾಮಿಕ ಬಂದರೆ ಅವರನ್ನು ಹುಡುಕುವುದು ಎಲ್ಲಿ?

ನಮ್ಮ ಕೈಯಲ್ಲಿ ಇರುವ ಕೆಲಸವೂ ಸ್ವಲ್ಪ ಉಂಟು. ಜಮಾಅತಿನ ಕಮಿಟಿಯವರು ನಿಕಾಹ್‌ನ ದಫ್ತರಿಗೆ ಹೆಸರು ಬರೆಯುವ ಮೊದಲು ಹುಡುಗಿಯ ಜನನ ಪತ್ರ ಕೇಳಿದರೆ ಅಂಗನವಾಡಿ ಟೀಚರ್ ಯಾರ ಕಣ್ಣಿಗೂ ಕೆಟ್ಟವಳಾಗಬೇಕಿಲ್ಲ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆದದ್ದು ಗೊತ್ತಿದ್ದೂ ಪೊಲೀಸಿಗೆ ತಿಳಿಸದಿರುವುದು ಪೋಕ್ಸೊದಲ್ಲಿ ಅಪರಾಧ. ಮಾನ ಹೋಗುತ್ತದೆ ಎಂದು ಪಂಚಾತಿಕೆಯಲ್ಲಿ ಮುಗಿಸುವ ಹಿರಿಯರಿಗೂ ಇದು ಅನ್ವಯಿಸುತ್ತದೆ.

ಇನ್ನು ಮನೆಯಲ್ಲಿ ಯತೀಂ ಮಗುವನ್ನೋ ವಿಧವೆ ಮಗಳ ಮಕ್ಕಳನ್ನೋ ಸಾಕುತ್ತಿರುವವರಿಗೆ ಒಂದು ಮಾತು. ಕೋವಿಡಿನಿಂದಲೇ ತೀರಿಹೋಗಿರಬೇಕು ಎಂದೇನೂ ಇಲ್ಲ. ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ ಯೋಜನೆಯಲ್ಲಿ ವಿಧವೆ, ತಲಾಖ್ ಆದ ಅಥವಾ ಗಂಡ ಬಿಟ್ಟುಹೋದ ತಾಯಿಯ ಮಕ್ಕಳಿಗೆ, ನೆಂಟರ ಮನೆಯಲ್ಲಿ ಬೆಳೆಯುವ ಅನಾಥ ಮಕ್ಕಳಿಗೆ, ತಿಂಗಳಿಗೆ 4,000 ರೂಪಾಯಿ ಸಿಗುವ ಅವಕಾಶ ಇದೆ. ಕುಟುಂಬದ ವರ್ಷದ ಆದಾಯ ಹಳ್ಳಿಯಲ್ಲಿ 72,000, ಪೇಟೆಯಲ್ಲಿ 96,000 ಮೀರಿರಬಾರದು. ಅರ್ಜಿ ಕೊಡಬೇಕಾದದ್ದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಮಗುವಿನ ಮತ್ತು ಸಾಕುವವರ ಆಧಾರ್, ತಂದೆಯ ಅಥವಾ ತಾಯಿಯ ಮರಣ ಪತ್ರ, ಆದಾಯ ಪತ್ರ, ಶಾಲೆಯ ವ್ಯಾಸಂಗ ಪತ್ರ, ಬ್ಯಾಂಕ್ ಪಾಸ್‌ಬುಕ್ ಒಟ್ಟು ಮಾಡಿಟ್ಟುಕೊಳ್ಳಿ, ಉಳಿದದ್ದನ್ನು ಅಲ್ಲಿಯೇ ಹೇಳುತ್ತಾರೆ. ಅರ್ಜಿ ಕೊಟ್ಟ ಮೇಲೆ ಒಬ್ಬರು ಮನೆ ನೋಡಲು ಬರುತ್ತಾರೆ. ಮಗು ನಿಮ್ಮ ಮನೆಯಲ್ಲೇ ಇರುತ್ತದೆ. ಬಂದವರಿಗೆ ಒಂದು ಲೋಟ ಚಾಯ ಕೊಟ್ಟು ಕೂರಿಸಿ, ಕೇಳಿದ್ದನ್ನು ಹೇಳಿ.